ಸಂಭ್ರಮವೂ ಆಸರೆಯೂ: ಅಮೆರಿಕದ ಬಿಳಿಯೇತರ ಕ್ವೀರ್ ಮತ್ತು ಟ್ರಾನ್ಸ್ ಸಮುದಾಯಗಳು ಕಲಿಸುವ ಪಾಠ



ಒಂದು ಸಮುದಾಯ ತನ್ನ ಇರವನ್ನು ಹಬ್ಬವಾಗಿ ಆಚರಿಸಿಕೊಳ್ಳುವುದಕ್ಕೂ ಆ ಸಮುದಾಯದವರಿಗೆ ಊಟ, ಸೂರು, ಔಷಧಿ, ಉದ್ಯೋಗ ಸಿಗುವುದಕ್ಕೂ ಏನು ಸಂಬಂಧ? ನಾವು ಸಾಮಾನ್ಯವಾಗಿ ಇವೆರಡನ್ನೂ ಬೇರೆ ಬೇರೆ ಇಟ್ಟೇ ಯೋಚಿಸುತ್ತೇವೆ. ಮೊದಲು ಹೊಟ್ಟೆಪಾಡು ಮತ್ತು ಹಕ್ಕು, ಅವು ಕೈಗೂಡಿದ ಮೇಲೆ ಸಂಭ್ರಮ ಎಂಬುದು ನಮ್ಮ ಲೆಕ್ಕ. ಅಮೆರಿಕದ ಕಪ್ಪು, ಲ್ಯಾಟಿನೊ, ಏಷ್ಯನ್ ಮತ್ತು ಮೂಲನಿವಾಸಿ ಸಮುದಾಯಗಳಿಗೆ ಸೇರಿದ ಕ್ವೀರ್ ಮತ್ತು ಟ್ರಾನ್ಸ್‌ಜೆಂಡರ್ ಜನರ ಚರಿತ್ರೆ ಈ ಲೆಕ್ಕವನ್ನು ಒಪ್ಪುವುದಿಲ್ಲ. ಅಲ್ಲಿ ಬಹಳ ಸಲ ಸಂಭ್ರಮವೇ ಮೊದಲು ಬಂತು. ಅದರ ಬೆನ್ನಿಗೆ ಸೂರು ಬಂತು, ಚಿಕಿತ್ಸೆ ಬಂತು, ಸಂಘಟನೆ ಬಂತು.

ಈ ಉಪನ್ಯಾಸದ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಸಂಭ್ರಮವನ್ನೂ ಆಸರೆಯನ್ನೂ ಬಿಡಿಸಿದರೆ ಎರಡೂ ಕೆಡುತ್ತವೆ. ಆಸರೆಯಿಲ್ಲದ ಸಂಭ್ರಮ ಇನ್ನೊಬ್ಬರ ಕಣ್ಣಿಗೆ ಒದಗುವ ಪ್ರದರ್ಶನವಾಗುತ್ತದೆ. ಸಂಭ್ರಮವಿಲ್ಲದ ಆಸರೆ, ಕೊಡುವವರ ದೊಡ್ಡತನವನ್ನು ಸಾರುವ ದಾನವಾಗುತ್ತದೆ. ಎರಡೂ ಕೂಡಿದಲ್ಲಿ ಮಾತ್ರ ಮನುಷ್ಯರು ತಲೆಯೆತ್ತಿ ಬದುಕಿದ್ದಾರೆ. ಇದಕ್ಕೆ ಚರಿತ್ರೆಯಲ್ಲಿರುವ ಆಧಾರಗಳನ್ನು ಒಂದೊಂದಾಗಿ ನೋಡೋಣ.

1. ಎರಡು ಕಡೆಯಿಂದಲೂ ಹೊರಗೆ

ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟಗಾರ ಬೇಯಾರ್ಡ್ ರಸ್ಟಿನ್ ಅವರಿಂದ ಆರಂಭಿಸುವುದು ಉಚಿತ. ಅವರಿಗೂ ನಮ್ಮ ದೇಶಕ್ಕೂ ನೇರ ನಂಟಿದೆ. ಗಾಂಧೀಜಿಯವರ ಹತ್ಯೆಯಾದ 1948ರಲ್ಲಿಯೇ ಅವರು ಭಾರತಕ್ಕೆ ಬಂದು ಅಹಿಂಸಾತ್ಮಕ ಹೋರಾಟದ ಕ್ರಮವನ್ನು ಗಾಂಧಿಮಾರ್ಗದಲ್ಲಿ ನಡೆದವರಿಂದಲೇ ಅರಿತುಕೊಂಡರು. 1956ರಲ್ಲಿ ಮಾಂಟ್ಗಮರಿಯ ಬಸ್ ಬಹಿಷ್ಕಾರ ನಡೆಯುತ್ತಿದ್ದಾಗ ಅಲ್ಲಿಗೆ ಹೋಗಿ, ಇನ್ನೂ ಮೂವತ್ತು ತುಂಬದ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಆ ಕ್ರಮವನ್ನು ಮನಗಾಣಿಸಿದವರಲ್ಲಿ ರಸ್ಟಿನ್ ಮುಖ್ಯರು. 1963ರ ಆಗಸ್ಟ್ 28ರಂದು ಸುಮಾರು ಎರಡೂವರೆ ಲಕ್ಷ ಜನ ಸೇರಿದ ವಾಷಿಂಗ್ಟನ್ ಮೆರವಣಿಗೆಯನ್ನು ಸಂಘಟಿಸಿದವರು ಅವರೇ. ಬಸ್ಸುಗಳು ಎಲ್ಲಿ ನಿಲ್ಲಬೇಕು, ನೀರಿನ ನಲ್ಲಿ, ಶೌಚಾಲಯಗಳು ಎಷ್ಟಿರಬೇಕು, ಧ್ವನಿವರ್ಧಕ ಎಷ್ಟು ದೂರ ಕೇಳಿಸಬೇಕು ಎಂಬುದನ್ನೆಲ್ಲ ಅವರ ತಂಡ ಕೂತು ಲೆಕ್ಕ ಹಾಕಿತು. ಆಗಸ್ಟ್ ಬಿಸಿಲಿಗೆ ಹಳಸುವ ಬುತ್ತಿ ತರಬೇಡಿ, ಕಡಲೆಕಾಯಿ ಬೆಣ್ಣೆ ಸವರಿದ ಬ್ರೆಡ್ ತನ್ನಿ ಎಂಬ ಸೂಚನೆಯೂ ಜನರಿಗೆ ಹೋಯಿತು.

ಇಂಥ ಸಂಘಟಕರ ಹೆಸರು ದಶಕಗಳ ಕಾಲ ಹಿಂದೆಯೇ ಉಳಿಯಿತು. ರಸ್ಟಿನ್ ಸಲಿಂಗಿಯಾಗಿದ್ದರು. 1953ರಲ್ಲಿ ಕ್ಯಾಲಿಫೋರ್ನಿಯದ ಪಾಸಡಿನಾದಲ್ಲಿ ಅದೇ ಕಾರಣಕ್ಕೆ ಜೈಲಿಗೆ ಹೋಗಿದ್ದರು. ಅದನ್ನು ಹಿಡಿದುಕೊಂಡು ಜನಾಂಗಭೇದದ ಕಟ್ಟಾ ಸಮರ್ಥಕ ಸೆನೆಟರ್ ಸ್ಟ್ರಾಮ್ ಥರ್ಮಂಡ್ ಮೆರವಣಿಗೆಗೆ ಮುಂಚೆ ಸೆನೆಟ್‌ನಲ್ಲಿ ಅವರ ಮಾನ ಕಳೆಯಲು ನೋಡಿದರು. ವಿರೋಧಿಗಳದ್ದು ಹಾಗಿರಲಿ, ಕಪ್ಪು ಜನರ ನಾಯಕರಲ್ಲೇ ಕೆಲವರು ಇದಕ್ಕೂ ಮೊದಲು ಅವರನ್ನು ದೂರವಿರಿಸಿದ್ದರು. 1987ರಲ್ಲಿ ರಸ್ಟಿನ್ ತೀರಿಕೊಂಡರು. ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ಅವರಿಗೆ ಸಂದದ್ದು 2013ರಲ್ಲಿ. ಪಾಸಡಿನಾ ಪ್ರಕರಣದಲ್ಲಿ ಕ್ಷಮಾದಾನ ಸಿಕ್ಕಿದ್ದು 2020ರಲ್ಲಿ.

ರಸ್ಟಿನ್ ಅನುಭವಿಸಿದ ಈ ಇಕ್ಕಟ್ಟಿಗೆ ಶಾಸ್ತ್ರೀಯ ವಿವರಣೆ ಕೊಟ್ಟವರು ಕಪ್ಪು ಮಹಿಳೆಯರು. ಬೋಸ್ಟನ್ನಿನ ಕಂಬಾಹಿ ರಿವರ್ ಕಲೆಕ್ಟಿವ್ ಎಂಬ ಗುಂಪಿನಲ್ಲಿ ಲೆಸ್ಬಿಯನ್ ಚಿಂತಕಿಯರು ಮುಂದಾಳುಗಳಾಗಿದ್ದರು. 1863ರಲ್ಲಿ ಹ್ಯಾರಿಯೆಟ್ ಟಬ್ಮನ್ ಮುಂದಾಳತ್ವದಲ್ಲಿ ಏಳುನೂರಕ್ಕೂ ಹೆಚ್ಚು ಗುಲಾಮರು ಬಿಡುಗಡೆ ಕಂಡ ನದಿಯ ಹೆಸರನ್ನೇ ಅವರು ತಮ್ಮ ಗುಂಪಿಗೆ ಇಟ್ಟುಕೊಂಡರು. ಜನಾಂಗ, ಲಿಂಗ, ವರ್ಗ, ಲೈಂಗಿಕತೆಗಳ ದಬ್ಬಾಳಿಕೆ ತಮ್ಮ ಬದುಕಿನಲ್ಲಿ ಬಿಡಿಸಲಾಗದಂತೆ ಹೆಣೆದುಕೊಂಡಿದೆ ಎಂದು ಅವರ 1977ರ ಪ್ರಣಾಳಿಕೆ ವಾದಿಸಿತು. 1989ರಲ್ಲಿ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ ಇದನ್ನು ನ್ಯಾಯಾಲಯದ ಕಡತಗಳಿಂದಲೇ ತೋರಿಸಿಕೊಟ್ಟರು. ಜನರಲ್ ಮೋಟಾರ್ಸ್ ವಿರುದ್ಧ ಐವರು ಕಪ್ಪು ಮಹಿಳೆಯರು ಹೂಡಿದ್ದ ದಾವೆ 1976ರಲ್ಲಿ ತೀರ್ಮಾನವಾಯಿತು. 1964ಕ್ಕೆ ಮೊದಲು ಆ ಸಂಸ್ಥೆ ಕಪ್ಪು ಮಹಿಳೆಯರನ್ನು ಕೆಲಸಕ್ಕೆ ತೆಗೆದುಕೊಂಡಿರಲಿಲ್ಲ. ಹೀಗಾಗಿ ಸೇವಾಹಿರಿತನ ನೋಡಿ ಕೆಲಸದಿಂದ ತೆಗೆಯುವಾಗ ಮೊದಲ ಪೆಟ್ಟು ಅವರಿಗೇ ಬಿತ್ತು. ಸಂಸ್ಥೆಯಲ್ಲಿ ಹೆಂಗಸರಿದ್ದರು, ಅವರು ಬಿಳಿಯರು. ಕಪ್ಪು ಜನರಿದ್ದರು, ಅವರು ಗಂಡಸರು. ಆದ್ದರಿಂದ ಲಿಂಗತಾರತಮ್ಯವನ್ನೂ ಜನಾಂಗಭೇದವನ್ನೂ ಒಟ್ಟುಗೂಡಿಸಿ ನೋಡಲಾಗದು ಎಂದು ನ್ಯಾಯಾಲಯ ಹೇಳಿತು. ಎರಡು ಗುಂಪುಗಳಿಗೂ ಸೇರಿದವರು ಕಾನೂನಿನ ಕಣ್ಣಿಗೆ ಎರಡರಲ್ಲಿಯೂ ಕಾಣಿಸದೆ ಹೋದದ್ದು ಹೀಗೆ.

ಬಿಳಿಯೇತರ ಕ್ವೀರ್ ಮತ್ತು ಟ್ರಾನ್ಸ್ ಜನರಿಗೆ ಇದೇ ಸ್ಥಿತಿ ಇನ್ನೂ ಬಿಗಿಯಾಗಿ ಎದುರಾಯಿತು. ಬಿಳಿಯರ ಮುಂದಾಳತ್ವದ ಚಳವಳಿಯಲ್ಲಿ ಮೈಬಣ್ಣ ಅಡ್ಡ ಬಂತು. ಹುಟ್ಟಿದ ಓಣಿಯಲ್ಲಿ, ಚರ್ಚಿನಲ್ಲಿ, ಮನೆಯಲ್ಲಿ ಅವರ ಒಲವು ಮತ್ತು ಲಿಂಗಭಾವ ಅಡ್ಡ ಬಂದವು. ಎಲ್ಲಿಯೂ ಪೂರ್ತಿಯಾಗಿ ಸಲ್ಲದವರು ತಮ್ಮದೇ ನೆಲೆಯನ್ನು ಕಟ್ಟಿಕೊಳ್ಳಬೇಕಾಯಿತು.

2. ನೃತ್ಯಕೂಟದಿಂದ ಹುಟ್ಟಿದ ಮನೆ

ಆ ನೆಲೆ ರೂಪುಗೊಂಡದ್ದು ‘ಬಾಲ್’ ಎಂಬ ನೃತ್ಯಕೂಟಗಳಲ್ಲಿ. ಇದರ ಬೇರು ಬಹಳ ಹಿಂದಕ್ಕೆ ಹೋಗುತ್ತದೆ. 1860ರ ಸುಮಾರಿಗೆ ಮೇರಿಲ್ಯಾಂಡಿನಲ್ಲಿ ಗುಲಾಮರಾಗಿ ಹುಟ್ಟಿದ ವಿಲಿಯಂ ಡಾರ್ಸಿ ಸ್ವಾನ್, 1880ರ ದಶಕದಲ್ಲಿ ವಾಷಿಂಗ್ಟನ್ನಿನಲ್ಲಿ ಗುಟ್ಟಾಗಿ ಇಂಥ ಕೂಟಗಳನ್ನು ನಡೆಸುತ್ತಿದ್ದರು. ರೇಷ್ಮೆ, ಸ್ಯಾಟಿನ್ ಗೌನು ತೊಟ್ಟು ಕುಣಿಯಲು ಬರುತ್ತಿದ್ದವರಲ್ಲಿ ಹಿಂದೆ ಗುಲಾಮರಾಗಿದ್ದವರೂ ಇದ್ದರು. 1888ರಲ್ಲಿ ಪೊಲೀಸರು ನುಗ್ಗಿ ಬಂಧಿಸಿದರು. ಸ್ವಾನ್ ಪೊಲೀಸರಿಗೆ ಎದುರು ನಿಂತರು. 1896ರಲ್ಲಿ ಸೂಳೆಮನೆ ನಡೆಸಿದ ಸುಳ್ಳು ಆರೋಪದ ಮೇಲೆ ಅವರಿಗೆ ಹತ್ತು ತಿಂಗಳ ಸಜೆಯಾಯಿತು. ಅವರು ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಅವರಿಗೆ ಕ್ಷಮಾದಾನದ ಅರ್ಜಿ ಸಲ್ಲಿಸಿದರು. ಅರ್ಜಿ ತಿರಸ್ಕೃತವಾಯಿತು. ಅಮೆರಿಕದಲ್ಲಿ ಕ್ವೀರ್ ಜನರು ಕೂಡಿ ಸೇರುವ ಹಕ್ಕಿಗಾಗಿ ಸರ್ಕಾರದ ಬಾಗಿಲು ತಟ್ಟಿದ ಅತ್ಯಂತ ಹಳೆಯ ದಾಖಲೆಗಳಲ್ಲಿ ಇದೂ ಒಂದು. ಒಂದು ಕುಣಿತದ ರಾತ್ರಿಯನ್ನು ಉಳಿಸಿಕೊಳ್ಳುವ ಹಟವೇ ಆ ಅರ್ಜಿಯಾಯಿತು.

1920ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹ್ಯಾಮಿಲ್ಟನ್ ಲಾಡ್ಜ್ ನಡೆಸುತ್ತಿದ್ದ ವಾರ್ಷಿಕ ಕೂಟಕ್ಕೆ ಸಾವಿರಾರು ಜನ ಬರುತ್ತಿದ್ದರು. ಕಪ್ಪು, ಬಿಳಿ ಎರಡೂ ಬಗೆಯ ಜನ ಒಂದೇ ಸಭಾಂಗಣದಲ್ಲಿ ಸೇರುತ್ತಿದ್ದ ಅಪರೂಪದ ಸಂದರ್ಭ ಅದು. ಆದರೂ ಸೌಂದರ್ಯದ ಅಳತೆಗೋಲು ಬಿಳಿಯರದ್ದೇ ಆಗಿತ್ತು. 1967ರ ಒಂದು ಸ್ಪರ್ಧೆಯಲ್ಲಿ ಕಪ್ಪು ಸ್ಪರ್ಧಿ ಕ್ರಿಸ್ಟಲ್ ಲಬೇಜಾ ತೀರ್ಪಿನಲ್ಲಿ ಪಕ್ಷಪಾತವಾಗಿದೆ ಎಂದು ಕ್ಯಾಮೆರಾ ಮುಂದೆಯೇ ಪ್ರತಿಭಟಿಸಿದರು. ಮರುವರ್ಷ ತೆರೆಕಂಡ ಸಾಕ್ಷ್ಯಚಿತ್ರವೊಂದರಲ್ಲಿ ಆ ದೃಶ್ಯ ದಾಖಲಾಗಿದೆ. 1970ರ ದಶಕದ ಆರಂಭದಲ್ಲಿ ಅವರು ಹಾರ್ಲೆಮ್‌ನಲ್ಲಿ ಕಪ್ಪು ಜನರದ್ದೇ ಕೂಟ ನಡೆಸಿ ‘ಹೌಸ್ ಆಫ್ ಲಬೇಜಾ’ ಕಟ್ಟಿದರು. ಅದರ ಹಿಂದೆಯೇ ಹತ್ತಾರು ‘ಹೌಸ್’ಗಳು ಹುಟ್ಟಿದವು. 1980ರ ದಶಕದಲ್ಲಿ ಬಂದ ಹೌಸ್ ಆಫ್ ಎಕ್ಸ್‌ಟ್ರಾವಗಾಂಜಾ ಪೋರ್ಟೊರಿಕೊ ಮೂಲದ ಯುವಜನರಿಗೆ ನೆಲೆಯಾಯಿತು.

ಹೌಸ್ ಎಂದರೇನು ಎಂಬುದನ್ನು ಹತ್ತಿರದಿಂದ ನೋಡಬೇಕು. ಅದಕ್ಕೊಬ್ಬ ‘ಮದರ್’, ಕೆಲವೊಮ್ಮೆ ಒಬ್ಬ ‘ಫಾದರ್’. ಮನೆಯಿಂದ ಹೊರದೂಡಲ್ಪಟ್ಟ ಹದಿಹರೆಯದವರು ಆ ತಾಯಿಯ ಮಕ್ಕಳು. ಹೌಸಿನ ಹೆಸರೇ ಅವರ ಮನೆತನದ ಹೆಸರು. ತಾಯಿ ಅವರಿಗೆ ಅನ್ನ ಹಾಕುತ್ತಿದ್ದರು, ಮಲಗಲು ಜಾಗ ಕೊಡುತ್ತಿದ್ದರು, ಪೊಲೀಸರಿಂದ ಬಿಡಿಸಿ ತರುತ್ತಿದ್ದರು, ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಅದೇ ಕೈಗಳು ಮಣಿ ಹೊಲಿಯುವುದನ್ನೂ ಹಿಮ್ಮಡಿಯ ಚಪ್ಪಲಿಯಲ್ಲಿ ನಡೆಯುವುದನ್ನೂ ಹೇಳಿಕೊಡುತ್ತಿದ್ದವು. ಬಾಲ್ ರಾತ್ರಿ ಹೌಸುಗಳು ಬೇರೆ ಬೇರೆ ವಿಭಾಗಗಳಲ್ಲಿ ಪೈಪೋಟಿ ನಡೆಸುತ್ತವೆ. ತೀರ್ಪುಗಾರರು ಹತ್ತರ ಫಲಕ ಎತ್ತಿದರೆ ಉಳಿದಂತೆ, ಇಲ್ಲವಾದರೆ ಹೊರಗೆ. ಗೆದ್ದವರಿಗೆ ಟ್ರೋಫಿ. ವೋಗಿಂಗ್ ಎಂಬ ಚುರುಕು ಅಂಗವಿನ್ಯಾಸದ ಕುಣಿತ ಬೆಳೆದದ್ದು ಇಲ್ಲಿಯೇ. ‘ರಿಯಲ್‌ನೆಸ್’ ಎಂಬ ವಿಭಾಗದಲ್ಲಿ ಅಧಿಕಾರಿ, ವಿದ್ಯಾರ್ಥಿ, ಸಾಮಾನ್ಯ ದಾರಿಹೋಕರಂತೆ ನಂಬಿಕೆ ಹುಟ್ಟುವ ಹಾಗೆ ನಡೆದು ತೋರಿಸಬೇಕು. ರಾತ್ರಿ ರೈಲಿನಲ್ಲಿ ಹಲ್ಲೆಗೆ ಗುರಿಯಾಗದೆ ಮನೆ ಸೇರುವ ವಿದ್ಯೆಯೂ ಅದೇ. ಸಭಾಂಗಣದಲ್ಲಿ ಬಹುಮಾನ ತಂದ ನಡಿಗೆಯೇ ಬೀದಿಯಲ್ಲಿ ಜೀವ ಉಳಿಸುತ್ತಿತ್ತು. ಇಲ್ಲಿ ಸಂಭ್ರಮ ಎಲ್ಲಿ ಮುಗಿಯಿತು, ಆಸರೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಸಾಧ್ಯವಿಲ್ಲ.

3. ಬೀದಿ, ಬಾಡಿಗೆ, ರೋಗ

1969ರ ಜೂನ್ 28ರ ನಸುಕಿನಲ್ಲಿ ನ್ಯೂಯಾರ್ಕಿನ ಸ್ಟೋನ್‌ವಾಲ್ ಇನ್ ಎಂಬ ಬಾರಿನ ಮೇಲೆ ಪೊಲೀಸರು ದಾಳಿ ಮಾಡಿದಾಗ ಜನ ತಿರುಗಿಬಿದ್ದದ್ದು ಈಗ ಲೋಕಕ್ಕೆಲ್ಲ ತಿಳಿದ ಸಂಗತಿ. ಆ ದಿನಗಳ ಪ್ರತಿರೋಧದೊಂದಿಗೆ ಗುರುತಿಸಲಾಗುವ ಇಬ್ಬರು ಮರುವರ್ಷ ಏನು ಮಾಡಿದರು ಎಂಬುದು ಅಷ್ಟಾಗಿ ಮಾತಿಗೆ ಬರುವುದಿಲ್ಲ. ಒಬ್ಬರು ಕಪ್ಪು ಸಮುದಾಯದ ಮಾರ್ಷಾ ಪಿ. ಜಾನ್ಸನ್, ಇನ್ನೊಬ್ಬರು ಪೋರ್ಟೊರಿಕೊ ಮತ್ತು ವೆನೆಜುವೆಲಾ ಮೂಲದ ಸಿಲ್ವಿಯಾ ರಿವೇರಾ. 1970ರಲ್ಲಿ ಇಬ್ಬರೂ ಸೇರಿ ‘ಸ್ಟಾರ್’ ಎಂಬ ಸಂಘಟನೆ ಕಟ್ಟಿದರು. ಬೀದಿಪಾಲಾದ ಟ್ರಾನ್ಸ್ ಮಕ್ಕಳಿಗೆ ಮೊದಲು ನಿಲ್ಲಿಸಿಟ್ಟ ಒಂದು ಲಾರಿ ಟ್ರೇಲರ್‌ನಲ್ಲಿ, ಆಮೇಲೆ ಈಸ್ಟ್ ಸೆಕೆಂಡ್ ಸ್ಟ್ರೀಟಿನ ಒಂದು ಹಳೆಯ ಕಟ್ಟಡದಲ್ಲಿ ಜಾಗ ಕೊಟ್ಟರು. ಬಾಡಿಗೆ ಹಣಕ್ಕಾಗಿ ಇಬ್ಬರೂ ಬೀದಿಯಲ್ಲಿ ಮೈಮಾರಿಕೊಂಡರು. ಮಕ್ಕಳು ಆ ಕೆಲಸಕ್ಕೆ ಇಳಿಯಬಾರದು ಎಂಬುದೇ ಅವರ ಉದ್ದೇಶವಾಗಿತ್ತು. ಮನೆ ಹೆಚ್ಚು ಕಾಲ ಉಳಿಯಲಿಲ್ಲ. ತಲೆಗೆ ಹೂವಿನ ಕಿರೀಟ ಮುಡಿದು ನಗುವ ಮಾರ್ಷಾ ಅವರ ಭಾವಚಿತ್ರವನ್ನು ಪ್ರತಿವರ್ಷ ಜೂನ್‌ನಲ್ಲಿ ಎತ್ತಿಹಿಡಿಯುವವರು ಆ ಬಾಡಿಗೆಯ ಲೆಕ್ಕವನ್ನೂ ನೆನೆಯಬೇಕು.

1973ರಲ್ಲಿ ವಾಷಿಂಗ್ಟನ್ ಸ್ಕ್ವೇರ್ ಉದ್ಯಾನದ ವಾರ್ಷಿಕ ಸಮಾವೇಶದಲ್ಲಿ ರಿವೇರಾ ವೇದಿಕೆ ಹತ್ತಿ ಜೈಲಿನಲ್ಲಿರುವ ತಮ್ಮವರ ಬಗ್ಗೆ ಮಾತಾಡಿದಾಗ ಸಭಿಕರಲ್ಲಿ ಅನೇಕರು ಕೂಗಿ ಅಡ್ಡಿಪಡಿಸಿದರು. ಅದು ಸಂಭ್ರಮದ ದಿನವೇ. ಅಲ್ಲಿ ಕಷ್ಟದ ಮಾತು ಬೇಡವಾಗಿತ್ತು. ಆ ಬೇಡವೆನ್ನುವಿಕೆ ಕಾನೂನಿನಲ್ಲೂ ಮುಂದುವರಿಯಿತು. ನ್ಯೂಯಾರ್ಕ್ ರಾಜ್ಯ ಲೈಂಗಿಕ ಒಲವಿನ ಆಧಾರದ ತಾರತಮ್ಯವನ್ನು ನಿಷೇಧಿಸಿದ್ದು 2002ರಲ್ಲಿ, ರಿವೇರಾ ತೀರಿಕೊಂಡ ವರ್ಷವೇ. ಲಿಂಗ ಗುರುತಿಗೆ ಅದೇ ರಕ್ಷಣೆ ಸಿಕ್ಕಲು 2019 ಬರಬೇಕಾಯಿತು.

ಏಡ್ಸ್ ಬಂದಾಗ ಇಂಥ ಕಡೆಗಣನೆಯ ಫಲ ಸಾವಿನ ಲೆಕ್ಕದಲ್ಲಿಯೇ ಕಾಣಿಸಿತು. ಕಪ್ಪು ಸಲಿಂಗಿ ಲೇಖಕರ ಸಂಕಲನವನ್ನು ಸಂಪಾದಿಸಿದ ಜೋಸೆಫ್ ಬೀಮ್ 1988ರಲ್ಲಿ, ‘ಟಂಗ್ಸ್ ಅನ್‌ಟೈಡ್’ ಚಿತ್ರದ ನಿರ್ದೇಶಕ ಮಾರ್ಲಾನ್ ರಿಗ್ಸ್ 1994ರಲ್ಲಿ, ಕವಿ ಎಸೆಕ್ಸ್ ಹೆಂಫಿಲ್ 1995ರಲ್ಲಿ ತೀರಿಕೊಂಡರು. ಒಂದು ಪೀಳಿಗೆಯ ಪ್ರತಿಭೆಯೇ ನಡುವಯಸ್ಸಿಗೆ ಮುಂಚೆ ಹೋಯಿತು. ರೋಗದ ತಿಳಿವಳಿಕೆಯನ್ನು ಎಲ್ಲಿಗೆ ಒಯ್ಯಬೇಕು ಎಂಬ ಪ್ರಶ್ನೆಗೆ ಬಾಲ್ ಸಂಪ್ರದಾಯವೇ ಉತ್ತರ ಕೊಟ್ಟಿತು. ನ್ಯೂಯಾರ್ಕಿನ ಏಡ್ಸ್ ಸೇವಾ ಸಂಸ್ಥೆಯೊಂದು 1990ರ ದಶಕದಲ್ಲಿ ‘ಲೇಟೆಕ್ಸ್ ಬಾಲ್’ ಆರಂಭಿಸಿತು. ಕಾಂಡೋಮ್ ಹಂಚಿಕೆ, ರಕ್ತಪರೀಕ್ಷೆ, ಸಲಹೆ ಎಲ್ಲವೂ ಕುಣಿತದ ಸಭಾಂಗಣಕ್ಕೇ ಬಂದವು. ಆಸ್ಪತ್ರೆಯ ಬಾಗಿಲಲ್ಲಿ ಅವಮಾನದ ಭಯವಿದ್ದವರು, ತಮ್ಮನ್ನು ಹೆಸರು ಹಿಡಿದು ಹುರಿದುಂಬಿಸುವ ಕಡೆ ತೋಳು ಚಾಚಲು ಹಿಂಜರಿಯಲಿಲ್ಲ. ಇಷ್ಟಾದರೂ ಕೆಲಸ ಮುಗಿದಿಲ್ಲ. ಅಂದಿನ ಸೋಂಕಿನ ಪ್ರಮಾಣವೇ ಮುಂದುವರಿದರೆ ಕಪ್ಪು ಸಲಿಂಗಿ ಮತ್ತು ದ್ವಿಲಿಂಗಿ ಪುರುಷರಲ್ಲಿ ಇಬ್ಬರಲ್ಲೊಬ್ಬರಿಗೆ ಜೀವಿತಾವಧಿಯಲ್ಲಿ ಎಚ್‌ಐವಿ ಪತ್ತೆಯಾಗಬಹುದು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2016ರಲ್ಲಿ ಅಂದಾಜು ಮಾಡಿತ್ತು. ಬಿಳಿಯ ಸಲಿಂಗಿ ಮತ್ತು ದ್ವಿಲಿಂಗಿ ಪುರುಷರಲ್ಲಿ ಅದು ಹನ್ನೊಂದರಲ್ಲಿ ಒಬ್ಬರು.

4. ಸಂಭ್ರಮದ ಒಡೆತನ ಯಾರದು?

ವಾದದ ಇನ್ನೊಂದು ಭಾಗವನ್ನೂ ನೋಡಬೇಕು. ಆಸರೆಯಿಂದ ಬಿಡಿಸಿದ ಸಂಭ್ರಮ ಏನಾಗುತ್ತದೆ? 1990ರಲ್ಲಿ ಮಡೋನಾ ಅವರ ‘ವೋಗ್’ ಹಾಡು ಲೋಕವನ್ನೆಲ್ಲ ಸುತ್ತಿತು. ಅದೇ ವರ್ಷ ಜೆನ್ನಿ ಲಿವಿಂಗ್ಸ್‌ಟನ್ ಅವರ ‘ಪ್ಯಾರಿಸ್ ಈಸ್ ಬರ್ನಿಂಗ್’ ಸಾಕ್ಷ್ಯಚಿತ್ರ ಬಾಲ್ ಲೋಕವನ್ನು ಹೊರಗಿನವರಿಗೆ ಪರಿಚಯಿಸಿತು. ಆ ಚಿತ್ರ ಇಲ್ಲದಿದ್ದರೆ ಹಲವು ಮುಖಗಳು, ಹಲವು ಮಾತುಗಳು ನಮಗೆ ಸಿಗುತ್ತಿರಲಿಲ್ಲ. ಆದರೆ ಚಿತ್ರ ಗೆದ್ದ ಮೇಲೆ ಅದರಲ್ಲಿ ಕಾಣಿಸಿಕೊಂಡವರು ತಮ್ಮ ಪಾಲೆಷ್ಟು ಎಂದು ಕೇಳಿದರು, ಆ ಚರ್ಚೆ ಇಂದಿಗೂ ನಡೆದಿದೆ. ಕುಣಿತ ಜಗತ್ತಿನ ವೇದಿಕೆಗಳಿಗೆ ಹೋಯಿತು. ಕುಣಿತವನ್ನು ಕಟ್ಟಿದವರಲ್ಲಿ ಅನೇಕರು ಬಡತನದಲ್ಲಿ, ರೋಗದಲ್ಲಿ ಉಳಿದರು.

2018ರಿಂದ 2021ರವರೆಗೆ ಪ್ರಸಾರವಾದ ‘ಪೋಸ್’ ಧಾರಾವಾಹಿ ಬೇರೊಂದು ದಾರಿ ತೋರಿಸಿತು. ಅದೇ ಕಥಾವಸ್ತು, ಆದರೆ ಮುಖ್ಯ ಪಾತ್ರಗಳಲ್ಲಿ ಟ್ರಾನ್ಸ್ ಕಲಾವಿದೆಯರೇ ಇದ್ದರು. ಟ್ರಾನ್ಸ್ ಬರಹಗಾರ್ತಿ ಜಾನೆಟ್ ಮಾಕ್ ಅದನ್ನು ಬರೆಯುವುದರಲ್ಲೂ ನಿರ್ದೇಶಿಸುವುದರಲ್ಲೂ ಪಾಲುಗೊಂಡರು. ಆ ಧಾರಾವಾಹಿಯ ನಾಯಕಿ ಎಂಜೆ ರೋಡ್ರಿಗೆಜ್ ಪ್ರಧಾನ ಪಾತ್ರಕ್ಕಾಗಿ ಎಮ್ಮಿ ನಾಮನಿರ್ದೇಶನ ಪಡೆದ ಮೊದಲ ಟ್ರಾನ್ಸ್ ಮಹಿಳೆಯಾದರು. ಬಾಲ್ ಲೋಕದ ಹಿರಿಯರಿಗೂ ಅಲ್ಲಿ ಕೆಲಸ ಸಿಕ್ಕಿತು. ಇನ್ನೊಬ್ಬರ ಸಂಭ್ರಮವನ್ನು ತೆರೆಗೆ ತರುವವರು ಹಾಜರಿ ಪುಸ್ತಕವನ್ನೂ ಸಂಬಳದ ಪಟ್ಟಿಯನ್ನೂ ತೆರೆದು ತೋರಿಸಲು ಸಿದ್ಧರಿರಬೇಕು ಎಂಬ ಮಾನದಂಡವನ್ನು ನಾವು ಇದರಿಂದ ಪಡೆಯಬಹುದು.

ಬರಹಕ್ಕೂ ಈ ಮಾನದಂಡ ಸಲ್ಲುತ್ತದೆ. ಕವಿ ಆಡ್ರೆ ಲಾರ್ಡ್ ಮತ್ತು ಬಾರ್ಬರಾ ಸ್ಮಿತ್ 1980ರಲ್ಲಿ ‘ಕಿಚನ್ ಟೇಬಲ್’ ಪ್ರಕಾಶನ ಆರಂಭಿಸಿದ್ದು, ಬಿಳಿಯೇತರ ಮಹಿಳೆಯರ ಬರಹಕ್ಕೆ ಬೇರೆಯವರ ಅಪ್ಪಣೆ ಬೇಕಾಗಬಾರದು ಎಂದು. ಇಂದು ನ್ಯೂಯಾರ್ಕಿನ ಒಂದು ದೊಡ್ಡ ಕ್ವೀರ್ ಆರೋಗ್ಯ ಕೇಂದ್ರ, ಕ್ಯಾಲನ್-ಲಾರ್ಡ್, ಆಡ್ರೆ ಲಾರ್ಡ್ ಅವರ ಹೆಸರನ್ನು ಹೊತ್ತಿದೆ. ಕವಿಯ ಹೆಸರಿನಲ್ಲಿ ಚಿಕಿತ್ಸೆ ನಡೆಯುತ್ತಿರುವುದು ನಾನು ಹೇಳುತ್ತಿರುವ ಕೂಡುವಿಕೆಗೆ ಒಳ್ಳೆಯ ಸಾಕ್ಷಿ.

5. ಇಂದಿನ ಸ್ಥಿತಿ

2015ರಲ್ಲಿ ಅಮೆರಿಕದಾದ್ಯಂತ ನಡೆದ ಟ್ರಾನ್ಸ್‌ಜೆಂಡರ್ ಸಮೀಕ್ಷೆಯಲ್ಲಿ 27,715 ಜನ ಪಾಲ್ಗೊಂಡರು. ಅವರಲ್ಲಿ ಶೇ. 29ರಷ್ಟು ಜನ ಬಡತನದಲ್ಲಿದ್ದರು. ಕಪ್ಪು ಟ್ರಾನ್ಸ್ ಜನರನ್ನೇ ತೆಗೆದುಕೊಂಡರೆ ಶೇ. 38, ಲ್ಯಾಟಿನೊ ಟ್ರಾನ್ಸ್ ಜನರಲ್ಲಿ ಶೇ. 43. ಮೈಬಣ್ಣ ಮತ್ತು ಲಿಂಗಭಾವ ಎರಡೂ ಕೂಡಿದಾಗ ಬಡತನ ಹೇಗೆ ಏರುತ್ತದೆ ಎಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ. ಹಿಂಸೆಯೂ ಇದೇ ಹಾದಿಯಲ್ಲಿದೆ. ಪ್ರತಿವರ್ಷ ನವೆಂಬರ್ 20ರಂದು ನಡೆಯುವ ಟ್ರಾನ್ಸ್‌ಜೆಂಡರ್ ಸ್ಮರಣ ದಿನ ಹುಟ್ಟಿದ್ದು 1998ರಲ್ಲಿ ಬೋಸ್ಟನ್ನಿನಲ್ಲಿ ಕೊಲೆಯಾದ ಕಪ್ಪು ಟ್ರಾನ್ಸ್ ಮಹಿಳೆ ರೀಟಾ ಹೆಸ್ಟರ್ ಅವರ ನೆನಪಿನಲ್ಲಿ.

ಶೋಕದ ದಿನವೊಂದೇ ಸಾಲದು ಎಂದು ಬಲ್ಲವರು ಇಟ್ಟಿಗೆಯ ಕೆಲಸಕ್ಕೂ ಇಳಿದಿದ್ದಾರೆ. ಟೆನೆಸ್ಸಿಯ ಮೆಂಫಿಸ್‌ನಲ್ಲಿ ಕಪ್ಪು ಟ್ರಾನ್ಸ್ ಮಹಿಳೆ ಕೇಲಾ ಗೋರ್ ಮತ್ತು ಸಂಗಡಿಗರು 2016ರಲ್ಲಿ ‘ಮೈ ಸಿಸ್ಟಾಸ್ ಹೌಸ್’ ಆರಂಭಿಸಿದರು. ತಾತ್ಕಾಲಿಕ ವಸತಿಯಿಂದ ಶುರುವಾದ ಕೆಲಸ, 2020ರ ಸುಮಾರಿಗೆ ಜನರಿಂದ ದೇಣಿಗೆ ಕೂಡಿಸಿ ಚಿಕ್ಕ ಚಿಕ್ಕ ಮನೆಗಳನ್ನು ಕಟ್ಟುವತ್ತ ತಿರುಗಿತು. ನಿಲ್ಲಲು ಸ್ವಂತ ಬಾಗಿಲೊಂದಿದ್ದರೆ ಮಾಲೀಕರ ತಿರಸ್ಕಾರಕ್ಕೆ ಹೆದರಬೇಕಿಲ್ಲ ಎಂಬುದು ಅದರ ಹಿಂದಿನ ತಿಳಿವು. ಅದೇ 2020ರ ಜೂನ್ 14ರಂದು ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಂ ಮುಂದೆ ಬಿಳಿ ಉಡುಪು ತೊಟ್ಟ ಸಾವಿರಾರು ಜನ ಕಪ್ಪು ಟ್ರಾನ್ಸ್ ಜೀವಗಳ ಪರವಾಗಿ ನಿಂತರು.

ಇದಕ್ಕೆ ಎದುರು ಗಾಳಿಯೂ ಜೋರಾಗಿದೆ. 2025ರ ಫೆಬ್ರುವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆ ಸ್ಟೋನ್‌ವಾಲ್ ಸ್ಮಾರಕದ ಅಧಿಕೃತ ವಿವರಗಳಿಂದ ಟ್ರಾನ್ಸ್‌ಜೆಂಡರ್ ಎಂಬ ಉಲ್ಲೇಖವನ್ನೇ ತೆಗೆದುಹಾಕಿತು. ಸ್ಮಾರಕ ಇರಬಹುದು, ಅಲ್ಲಿ ಹೋರಾಡಿದವರ ಗುರುತು ಇರಕೂಡದು ಎಂಬ ನಿಲುವು ಇದು. ಈ ಹಿನ್ನೆಲೆಯಲ್ಲಿ ಹೆಸರು ಹೇಳಿ ಕೊಂಡಾಡುವುದೇ ರಕ್ಷಣೆಯ ಕೆಲಸವಾಗುತ್ತದೆ.

6. ನಮಗೇನು ಸಂಬಂಧ?

ಸಂಬಂಧ ಇದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಅಲ್ಲಿನ ಲೆಕ್ಕದಲ್ಲಿ ಬಿಳಿಯೇತರರೇ. ಆ ಮನೆಗಳಲ್ಲೂ ಕ್ವೀರ್ ಮತ್ತು ಟ್ರಾನ್ಸ್ ಮಕ್ಕಳು ಹುಟ್ಟುತ್ತಾರೆ, ಬೆಳೆಯುತ್ತಾರೆ. ದಕ್ಷಿಣ ಏಷ್ಯಾ ಮೂಲದವರಿಗಾಗಿ 1986ರಲ್ಲಿಯೇ ಕ್ಯಾಲಿಫೋರ್ನಿಯದಲ್ಲಿ ‘ತ್ರಿಕೋನ್’ ಸಂಘಟನೆ ಹುಟ್ಟಿದ್ದು ಇಂಥವರ ಒಂಟಿತನಕ್ಕೆ ಉತ್ತರವಾಗಿ. ಶಾಲೆಯಲ್ಲಿ ಮೈಬಣ್ಣಕ್ಕೆ ಹಂಗಿಸಿಕೊಂಡು ಬಂದ ಮಗು, ಸಂಜೆ ಮನೆಯಲ್ಲಿ ಇನ್ನೊಂದು ಕಾರಣಕ್ಕೆ ಮೌನವಾಗಿ ಕೂರುವಂತೆ ಆಗಬಾರದು. ಕನ್ನಡ ಸಂಘಗಳ ಯುಗಾದಿ, ರಾಜ್ಯೋತ್ಸವದ ವೇದಿಕೆಗಳು ಆ ಮಕ್ಕಳನ್ನೂ ಅವರ ಸಂಗಾತಿಗಳನ್ನೂ ಹೆಸರು ಹಿಡಿದು ಕರೆಯಬೇಕು.

ನಮ್ಮ ನೆಲದಲ್ಲಿಯೂ ಕಲೆ ಮತ್ತು ಅನ್ನ ಒಂದೇ ಕೈಯಿಂದ ಬಂದ ಉದಾಹರಣೆಗಳಿವೆ. ಜೋಗತಿ ಕಲೆಯಲ್ಲಿ ಹಿರಿಯರಿಂದ ಹಾಡು, ಕುಣಿತ ಕಲಿತು ಬದುಕು ಕಟ್ಟಿಕೊಂಡ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರ ಪದ್ಮಶ್ರೀ ಪಡೆದರು. ಅದೇ 2021ರಲ್ಲಿ ರಾಜ್ಯ ಸರ್ಕಾರ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ನೇಮಕಾತಿಯಲ್ಲಿ ಶೇ. 1ರಷ್ಟು ಮೀಸಲಾತಿ ಕೊಟ್ಟಿತು. ಜೋಗತಿ ಪರಂಪರೆ ಮತ್ತು ಹಾರ್ಲೆಮ್‌ನ ಹೌಸ್ ಒಂದೇ ಎಂದು ಹೇಳಲಾಗದು. ಒಂದರ ಹಿಂದೆ ದೈವಭಕ್ತಿ ಮತ್ತು ಜಾತಿಯ ಚರಿತ್ರೆಯಿದೆ, ಇನ್ನೊಂದರ ಹಿಂದೆ ಗುಲಾಮಗಿರಿಯ ಚರಿತ್ರೆ. ಆದರೆ ಪ್ರಶಸ್ತಿ ಮತ್ತು ನೇಮಕಾತಿ ಜೊತೆಯಲ್ಲಿ ಸಾಗಬೇಕು ಎಂಬ ತತ್ವ ಎರಡು ಕಡೆಯೂ ಸಲ್ಲುತ್ತದೆ.

7. ಕೆಲವು ತೀರ್ಮಾನಗಳು

ಈ ಚರಿತ್ರೆಯಿಂದ ನಾನು ಮೂರು ತತ್ವಗಳನ್ನು ಎತ್ತಿ ಹೇಳಬಯಸುತ್ತೇನೆ. ಮೊದಲನೆಯದು, ನೆರವಿನ ನಿರ್ಧಾರ ನೆರವು ಬೇಕಾದವರ ಕೈಯಲ್ಲಿರಬೇಕು. ಕ್ರಿಸ್ಟಲ್ ಲಬೇಜಾ ತೀರ್ಪುಗಾರರ ಮನಪರಿವರ್ತನೆಗೆ ಕಾಯದೆ ತಮ್ಮದೇ ವೇದಿಕೆ ಕಟ್ಟಿದರು. ಹೊರಗಿನ ಹಿತೈಷಿಗಳು ಅಂಥ ವೇದಿಕೆಗೆ ಬಲ ಕೊಡಬೇಕೇ ಹೊರತು ಅದರ ಬದಲಿಗೆ ತಮ್ಮದನ್ನು ನಿಲ್ಲಿಸಬಾರದು.

ಎರಡನೆಯದು, ಸಂತೋಷವನ್ನೂ ಅಗತ್ಯಗಳ ಪಟ್ಟಿಯಲ್ಲಿ ಬರೆಯಬೇಕು. ಬಡವರಿಗೆ ಅಕ್ಕಿ ಸಾಕು, ಹಾಡು ಏಕೆ ಎನ್ನುವವರು ಅವರನ್ನು ಪೂರ್ತಿ ಮನುಷ್ಯರೆಂದು ಎಣಿಸಿಲ್ಲ. ಲೇಟೆಕ್ಸ್ ಬಾಲ್‌ನಲ್ಲಿ ಹಾಡಿನ ಬಲದಿಂದಲೇ ಪರೀಕ್ಷೆ, ಸಲಹೆ ಜನರನ್ನು ತಲುಪಿದವು.

ಮೂರನೆಯದು, ಆಸರೆ ಹಬ್ಬದ ತಿಂಗಳಿಗೆ ಸೀಮಿತವಾಗಬಾರದು. ಸ್ಟಾರ್ ಮನೆ ಮುಚ್ಚಿದ್ದು ಪ್ರೀತಿಯ ಕೊರತೆಯಿಂದಲ್ಲ, ಬಾಡಿಗೆಯ ಕೊರತೆಯಿಂದ. ದತ್ತಿ ಎಂಬ ವ್ಯವಸ್ಥೆಯ ಅರ್ಥ ಇಲ್ಲಿ ನೆನಪಿಗೆ ಬರುತ್ತದೆ. ಒಮ್ಮೆ ಇಟ್ಟ ಮೂಲಧನ ಕರಗದೆ ಉಳಿಯುತ್ತದೆ. ಕೊಟ್ಟವರು ಕಾಲವಾದ ಮೇಲೂ ವರ್ಷವರ್ಷವೂ ಅದರ ಫಲ ಸಲ್ಲುತ್ತದೆ. ಜ್ಞಾನಕ್ಕೆ ಇಂಥ ಏರ್ಪಾಡು ಮಾಡಿದ ನಮ್ಮ ಹಿರಿಯರ ವಿವೇಕವನ್ನು ಈ ಸಮುದಾಯಗಳ ಕಡೆಗೂ ಚಾಚಬೇಕು. ಟ್ರಾನ್ಸ್ ವಿದ್ಯಾರ್ಥಿಯ ಹಾಸ್ಟೆಲ್ ಶುಲ್ಕಕ್ಕೆ, ವಯಸ್ಸಾದ ಕಲಾವಿದೆಯ ಔಷಧಿಗೆ, ಅವರ ಚರಿತ್ರೆ ಬರೆಯುವ ಸಂಶೋಧಕರ ವೇತನಕ್ಕೆ ದತ್ತಿಗಳು ಏರ್ಪಡಲಿ; ಅವುಗಳ ಆಡಳಿತ ಮಂಡಳಿಯಲ್ಲಿ ಅವರೇ ಕೂರಲಿ. ಇಲ್ಲಿ ಸೇರಿರುವ ಸಂಸ್ಥೆಗಳ ಪ್ರಮುಖರು ಮುಂದಿನ ಆಯವ್ಯಯ ಬರೆಯುವಾಗ ಇದಕ್ಕೊಂದು ಬಾಬ್ತು ತೆರೆಯಬೇಕೆಂದು ವಿನಂತಿಸುತ್ತೇನೆ.